ಚೊಚ್ಚಲ ಮಕ್ಕಳ ಸಾಲು

ಈ ಕಥೆ ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ದೇವರ ವಿಷಯ ಮಾತಾಡಲು ಓದಿಕೊಂಡವರಿದ್ದಾರೆ, ಗುರುಗಳಿದ್ದಾರೆ. ನಾನು ಅವರ ಪೈಕಿ ಅಲ್ಲ. ಸಾವಿನ ಮನೆಯ ಮಾತನ್ನು ಬೀದಿಗೆ ತಂದಂತಾದೀತೇ ಎಂದು ಹೆದರಿ ಎರಡು ಸಲ ಬರೆದದ್ದನ್ನು ಹರಿದು ಹಾಕಿದ್ದೇನೆ. ಆದರೆ ಊರಿನಲ್ಲಿ ಇದನ್ನು ತಪ್ಪಾಗಿ ಹೇಳುತ್ತಿದ್ದಾರೆ. ಮುದುಕನಿಗೆ ಮರೆವು ಬಂದಿತ್ತು ಎನ್ನುತ್ತಾರೆ ಕೆಲವರು. ದೇವರ ಮೇಲಿನ ಸಿಟ್ಟಿಗೆ ಹಾಗೆ ಮಾಡಿದ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಸರಿಯಲ್ಲ ಎಂದು ನನಗೆ ತೋರುತ್ತದೆ. ತಿಳಿದಷ್ಟನ್ನು ತಿಳಿದ ಹಾಗೆ ಹೇಳುತ್ತೇನೆ.

ಈಜಿಪ್ಟಿನ ಮಿನ್ಯಾ ಸೀಮೆಯ ನಮ್ಮೂರ ಚರ್ಚಿನಲ್ಲಿ ಬಿಸಾದಾ ನಲವತ್ತೊಂದು ವರ್ಷದಿಂದ ಮುಅಲ್ಲಿಮ್ ಆಗಿದ್ದ. ಸ್ತುತಿಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲವನು, ಎತ್ತಿ ಹಾಡುವವನು, ಉಳಿದವರಿಗೆ ಕಲಿಸುವವನು ಮುಅಲ್ಲಿಮ್. ಬಿಸಾದಾ ಹುಟ್ಟು ಕುರುಡ. ಅವನಿಗೆ ಕಲಿಸಿದ ಗುರುವೂ ಕುರುಡನೇ. ತೊಡೆಯ ಮೇಲೆ ಬಡಿದು ತಾಳ ಕಲಿಸಿದ, ಕೆನ್ನೆಯ ಮೇಲೆ ಬಡಿದು ಸಾಹಿತ್ಯ ಕಲಿಸಿದ. ಅವನ ಕಿವಿ ಊರಿಗೇ ಹೆಸರಾಗಿತ್ತು. ಪ್ರಸಾದಕ್ಕೆ ಮೊದಲು ಉಪವಾಸವಿರಬೇಕಾದವರಲ್ಲಿ ಯಾರು ಕದ್ದು ಚಹಾ ಕುಡಿದು ಬಂದಿದ್ದಾರೆಂದು ಗಂಟಲು ಕೇಳಿಯೇ ಹೇಳುತ್ತಿದ್ದ ಎಂದು ಜನ ನಗುತ್ತಿದ್ದರು.

ಭಾನುವಾರ ಪೂಜೆಗೆ ಮುಂಚೆ, ಬೆಳಗಿನ ಐದಕ್ಕೆ, ಸ್ತುತಿ ಶುರುವಾಗುತ್ತದೆ. ಹಾಡುವವರು ಬಲಿಪೀಠದ ಮುಂದೆ ಎದುರುಬದುರಾಗಿ ಎರಡು ಸಾಲು ನಿಲ್ಲುತ್ತಾರೆ. ಉತ್ತರದ ಸಾಲು ಬಿಸಾದಾನದು. ದಕ್ಷಿಣದ ಸಾಲಿಗೆ ಬಿಬಾವಿ ಮುಂದಾಳು. ಅವನದು ಬಸ್ ನಿಲ್ದಾಣದ ಹತ್ತಿರ ತಅಮಿಯಾ ಎಂಬ ಅವರೆವಡೆ ಕರಿಯುವ ಅಂಗಡಿ. ಒಂದು ಚರಣ ಇವರು ಹಾಡಿದರೆ ಮುಂದಿನದು ಅವರದು. ಎರಡನೆಯ ಸ್ತುತಿಯಲ್ಲಿ ಪ್ರತಿ ಚರಣವೂ ಒಂದೇ ಮಾತಿನಿಂದ ಮುಗಿಯುತ್ತದೆ, ಅವನ ಕರುಣೆಗೆ ಕೊನೆಯಿಲ್ಲ ಎಂಬ ಮಾತಿನಿಂದ. ಆ ಮಾತನ್ನು ಎರಡೂ ಕಡೆಯವರು ಕೂಡಿ ಹಾಡುವುದು ನಮ್ಮೂರ ರೂಢಿ. ಆಕಾಶ ಮಾಡಿದವನು, ಕರುಣೆಗೆ ಕೊನೆಯಿಲ್ಲ. ಸೂರ್ಯನನ್ನು ಮಾಡಿದವನು, ಕರುಣೆಗೆ ಕೊನೆಯಿಲ್ಲ. ಹಾಗೇ ಸಾಗಿ, ಈಜಿಪ್ಟಿನ ಚೊಚ್ಚಲ ಮಕ್ಕಳನ್ನು ಹೊಡೆದವನು ಎಂಬಲ್ಲಿಗೆ ಬರುತ್ತದೆ. ಅಲ್ಲಿಯೂ ಕರುಣೆಗೆ ಕೊನೆಯಿಲ್ಲ. ಫರೋ ದೊರೆ ತನ್ನ ದಾಸರನ್ನು ಬಿಡಲೊಪ್ಪದಿದ್ದಾಗ ದೇವರು ಆ ನಾಡಿನ ಮನೆಮನೆಯ ಚೊಚ್ಚಲ ಗಂಡುಮಗುವನ್ನು ಒಂದೇ ರಾತ್ರಿ ಕೊಂದ, ಆಮೇಲೆ ಕೆಂಪು ಸಮುದ್ರ ಸೀಳಿ ದಾಸರನ್ನು ದಾಟಿಸಿ, ಬೆನ್ನಟ್ಟಿದ ಸೈನ್ಯವನ್ನು ಮುಳುಗಿಸಿದ ಎಂಬುದು ಗ್ರಂಥದ ಕಥೆ. ಭಾಷೆ ನಮ್ಮ ಹಳೆಯ ಕೋಪ್ಟಿಕ್. ಆಡುವವರು ಈಗ ಯಾರೂ ಇಲ್ಲ. ಹಾಡುವವರೆಲ್ಲ ಈಜಿಪ್ಟಿನವರೇ. ಹೊಡೆಸಿಕೊಂಡವರು ನಮ್ಮವರೇ ಎಂದು ಹಾಡುವಾಗ ಯಾರಿಗೂ ಅನಿಸಿದಂತಿರಲಿಲ್ಲ. ಬಿಸಾದಾನಿಗೂ ಅನಿಸಿರಲಿಲ್ಲ. ಅವನಿಗೆ ಅದು ದನಿ ಎರಡು ಮೆಟ್ಟಿಲು ಏರಿ ಒಂದು ಇಳಿಯುವ ಜಾಗ, ಅಷ್ಟೇ.

ಆ ವರ್ಷ ಜೋಳ ಕೊಯ್ಯುವ ಕಾಲದಲ್ಲಿ ಅವನ ಮಗ ಫಾನೂಸ್ ತೀರಿಕೊಂಡ. ಹೊಳೆಯ ಆಚೆ ಪೂರ್ವದ ಗುಡ್ಡದಲ್ಲಿ ಬಿಳಿಕಲ್ಲು ಕೊಯ್ಯುವ ಕೆಲಸ ಅವನದು. ಗರಗಸದ ತಂತಿ ಎಲ್ಲೋ ಸುಲಿದಿತ್ತು, ಕರೆಂಟ್ ಹೊಡೆಯಿತು. ಮೂವತ್ತನಾಲ್ಕು ವರ್ಷ. ಶವದ ಮುಂದೆ ಹಾಡಬೇಕಾದ್ದನ್ನೆಲ್ಲ ಬಿಸಾದಾ ತಾನೇ ಹಾಡಿದ, ಒಂದಕ್ಷರ ತಪ್ಪಲಿಲ್ಲ. ನಲವತ್ತನೆಯ ದಿನದ ಪೂಜೆ ಮುಗಿಯುವವರೆಗೆ ಮನೆಯಲ್ಲಿದ್ದು, ಅದರ ಮುಂದಿನ ಭಾನುವಾರ ತನ್ನ ಜಾಗಕ್ಕೆ ಬಂದು ನಿಂತ.

ಸೂರ್ಯ ಬಂದ, ಚಂದ್ರ ಬಂದ, ನಕ್ಷತ್ರ ಬಂದವು. ಆ ಚರಣ ಬಂತು. ಉತ್ತರದ ಸಾಲಿನ ಪಾಳಿ. ಬಿಸಾದಾ ಬಾಯಿ ತೆರೆದ. ಹೊರಬಿದ್ದದ್ದು ಅದರ ಮುಂದಿನ ಚರಣ. ಅದು ದಕ್ಷಿಣದವರದು, ತನ್ನ ಚರಣ ಕೇಳಿಸಿದ್ದೇ ಬಿಬಾವಿಯೂ ಅದನ್ನು ಎತ್ತಿದ. ಎರಡು ದನಿಗಳು ನಡುವೆ ಡಿಕ್ಕಿ ಹೊಡೆದವು. ಅಲ್ಲಿಂದ ಯಾವ ಪಾಳಿ ಯಾರದೆಂದು ತಿಳಿಯದೆ ಒಂದು ಚರಣವನ್ನು ಎಲ್ಲರೂ ಹಾಡಿದರು, ಇನ್ನೊಂದನ್ನು ಯಾರೂ ಹಾಡಲಿಲ್ಲ. ಕೆಂಪು ಸಮುದ್ರ ಎರಡು ಸಲ ಸೀಳಿತು. ಹೆಂಗಸರ ಕಡೆಯಲ್ಲಿ ಯಾರೋ ಕಿಸಕ್ಕೆಂದರು.

ಪೂಜೆ ಮುಗಿದು ಹೊರಗೆ ಬಂದಾಗ ಬಿಬಾವಿ ಅವನ ತೋಳು ಹಿಡಿದು, ಎಲ್ಲರ ಹಾಗೆ ಫಾನೂಸನ ಅಪ್ಪ ಎಂದೇ ಕರೆದ. "ಏನಪ್ಪಾ ಅಬು ಫಾನೂಸ್, ನನ್ನ ಪಾಲಿನದಕ್ಕೂ ಕೈ ಹಾಕ್ತೀಯಲ್ಲ? ನಿನ್ನ ಕಡೆ ಸಾಲದೇ ಹೋಯ್ತಾ?"

"ಬಾಯಿ ಜಾರಿತು," ಎಂದ ಬಿಸಾದಾ.

ಮುಂದಿನ ಭಾನುವಾರವೂ ಜಾರಿತು, ಅದೇ ಜಾಗದಲ್ಲಿ. ಆಗ ಬಿಬಾವಿ ತಮಾಷೆ ಮಾಡಲಿಲ್ಲ.

ಆ ಮಂಗಳವಾರ ಪಾದ್ರಿ ಅಬೂನಾ ಯೂನಾನ್ ಮನೆಗೆ ಬಂದರು. ಅವರಿಗೆ ನಲವತ್ತು ದಾಟಿರಲಿಲ್ಲ. ದೀಕ್ಷೆಗೆ ಮೊದಲು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಬಿಸಾದಾನ ಹೆಂಡತಿ ಇಸ್ತೇರ್ ಚಹಾ ಇಟ್ಟು, ಗೋಡೆಯ ಹತ್ತಿರ ಕೂತು ತಟ್ಟೆಯಲ್ಲಿ ಬೇಳೆ ಆರಿಸತೊಡಗಿದಳು.

"ಮುಅಲ್ಲಿಮ್, ನೀವು ಮರೆತಿಲ್ಲ. ಅದು ನನಗೆ ಗೊತ್ತು," ಎಂದರು ಅಬೂನಾ.

"ಮರೆತಿದ್ರೆ ಚೆನ್ನಾಗಿತ್ತು ಅಬೂನಾ."

"ಆ ಮಾತನ್ನ ಹಾಗೇ ಅಕ್ಷರ ಹಿಡಿದು ತಗೋಬಾರದು. ನಮ್ಮ ಹಿರಿಯರು ಹೇಳಿದ್ದಾರೆ. ಫರೋ ಅಂದ್ರೆ ಸೈತಾನ. ಚೊಚ್ಚಲು ಅಂದ್ರೆ ಪಾಪದ ಮೊಳಕೆ. ದೇವರು ಹೊಡೆಯೋದು ಅದನ್ನ."

ಬಿಸಾದಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದ. ಬೇಕೆಂದೇ ಜಗಳ ತೆಗೆಯುವ ಮನುಷ್ಯನಲ್ಲ ಅವನು. "ನಾನೂ ಹಾಗೇ ಹೇಳ್ಕೊಂಡು ನೋಡಿದೆ. ಆದ್ರೆ ಆ ರಾತ್ರಿ ಪ್ರತಿ ಮನೇಲೂ ಗೋಳಾಟ ಎದ್ದಿತು ಅಂತ ಇದೆಯಲ್ಲ. ಪಾಪ ಸತ್ತರೆ ಯಾರು ಅಳ್ತಾರೆ ಅಬೂನಾ?"

ಅಬೂನಾ ಗಡ್ಡ ನೀವಿಕೊಂಡರು. "ಫರೋಗೆ ಒಂಬತ್ತು ಸಲ ಅವಕಾಶ ಕೊಟ್ಟ. ಒಂಬತ್ತು ಸಲ! ಯಾವ ದೊರೆ ಕೊಡ್ತಾನೆ?"

"ಫರೋಗೆ ಕೊಟ್ಟ. ಬೀಸೋಕಲ್ಲಿನ ಹಿಂದೆ ಕೂತ ದಾಸಿಯ ಚೊಚ್ಚಲೂ ಹೋಯ್ತು ಅಂತ ಅದೇ ಅಧ್ಯಾಯದಲ್ಲಿದೆ. ಅವಳನ್ನ ಯಾರು ಒಂದು ಸಲನಾದ್ರೂ ಕೇಳಿದ್ರು? ದನದ ಚೊಚ್ಚಲೂ ಹೋಯ್ತು. ಕರು ಯಾರನ್ನ ತಡೆದು ಹಿಡಿದಿತ್ತು?"

ಇಸ್ತೇರಳ ತಟ್ಟೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಕೊನೆಗೆ ತನ್ನ ಮಗನನ್ನೇ ಶಿಲುಬೆಗೆ ಕೊಟ್ಟ," ಎಂದರು ಅಬೂನಾ, ಮೆಲ್ಲಗೆ. "ತಾನು ಉಣ್ಣದ ನೋವನ್ನ ನಮಗೆ ಬಡಿಸಲಿಲ್ಲ."

"ಅದನ್ನ ಒಪ್ಕೋತೀನಿ. ಅದೊಂದರ ಮೇಲೇ ನಿಂತಿದ್ದೀನಿ. ಆದ್ರೆ ಆತ ಮೂರನೇ ದಿನ ಎದ್ದ ಅಬೂನಾ. ನನ್ನವನ ಅಂಗಿ ಇನ್ನೂ ಮೊಳೆ ಮೇಲೆ ತೂಗ್ತಿದೆ."

ಅಬೂನಾ ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಏಳುವ ಮೊದಲು ನಿಜವಾಗಿ ಬಂದ ಕಾರಣ ತಿಳಿಸಿದರು. ಮೂರು ವಾರ ಬಿಟ್ಟು ಬಿಷಪ್ಪರು ಬರುತ್ತಾರೆ, ಹೊಸ ಬಲಿಪೀಠವನ್ನು ಅಭಿಷೇಕಿಸಲು. ಬೆಳಗಿನ ಸ್ತುತಿಗೇ ಬಂದು ಕೂರುವವರು ಅವರು. ಸ್ತುತಿಯಲ್ಲಿ ಒಂದಕ್ಷರ ಆಚೀಚೆಯಾದರೂ ಸಹಿಸುವುದಿಲ್ಲ. ಪಕ್ಕದ ಊರಿನ ಮುಅಲ್ಲಿಮನೊಬ್ಬ ಸ್ತುತಿಯನ್ನು ಮೊಟಕು ಮಾಡಿದ್ದಕ್ಕೆ ಅವನನ್ನು ಇಳಿಸಿ, ಧರ್ಮಪ್ರಾಂತದ ಶಾಲೆಯಲ್ಲಿ ಕಲಿತ ಹೊಸಬನನ್ನು ನಿಲ್ಲಿಸಿದ್ದರು.

"ನಾನು ಹೆದರಿಸ್ತಿಲ್ಲ ಮುಅಲ್ಲಿಮ್. ಮುಂಚೇನೇ ಹೇಳ್ತಿದ್ದೀನಿ, ಅಷ್ಟೇ. ಸ್ತುತಿ ಪೂರ್ತಿ ಆಗಬೇಕು, ಪಾಳಿ ಕೆಡಬಾರದು."

ಬಿಸಾದಾನಿಗೆ ಆ ಜಾಗ ಬಿಟ್ಟರೆ ಬೇರೇನೂ ಇರಲಿಲ್ಲ. ಹೊಲವಿಲ್ಲ, ಅಂಗಡಿಯಿಲ್ಲ. ಮನೆಯಿಂದ ಚರ್ಚಿಗೆ ಮುನ್ನೂರ ಹನ್ನೆರಡು ಹೆಜ್ಜೆ. ಜಗತ್ತಿನಲ್ಲಿ ಯಾರ ಕೈಯೂ ಬೇಕಿಲ್ಲದೆ ಅವನು ನಡೆಯಬಲ್ಲ ದಾರಿ ಅದೊಂದೇ.

ಮರುದಿನ ಬಿಬಾವಿಯ ಅಂಗಡಿಯ ಬೆಂಚಿನ ಮೇಲೆ ಕೂತು ವಿಷಯವನ್ನೆಲ್ಲ ಹೇಳಿದ. ಬಿಬಾವಿ ಕುದಿಯುವ ಎಣ್ಣೆಗೆ ಅವರೆಹಿಟ್ಟಿನ ಉಂಡೆ ಬಿಡುತ್ತಲೇ ಕೇಳಿದ.

"ಇಷ್ಟೇನಾ? ನನ್ನ ಕಡೆ ಬಂದು ನಿಂತ್ಕೋ. ನಾನು ಉತ್ತರಕ್ಕೆ ಹೋಗ್ತೀನಿ. ಆ ಚರಣ ನನ್ನ ಬಾಯಿಗೆ ಬರುತ್ತೆ, ನಾನು ಹಾಡ್ತೀನಿ. ನನಗೆ ಮೊದಲನೇದು ಹೆಣ್ಣು. ನನ್ನನ್ನ ಯಾವ ಚರಣಾನೂ ಮುಟ್ಟಲ್ಲ."

ನಲವತ್ತೊಂದು ವರ್ಷ ಉತ್ತರದಲ್ಲಿ ನಿಂತವನು ದಕ್ಷಿಣಕ್ಕೆ ಹೋಗುವುದೆಂದರೆ ಊರೇ ಮಾತಾಡಿಕೊಳ್ಳುತ್ತದೆ. ಆದರೂ ಬಿಸಾದಾ ಆ ಮಾತನ್ನು ಹಿಡಿದು ಬೆರಳು ಮಡಚಿ ಎಣಿಸತೊಡಗಿದ. ಇದು ಅವರದು, ಇದು ನಮ್ಮದು, ಇದು ಅವರದು. ಬೆರಳು ಒಂದು ಕಡೆ ನಿಂತಿತು.

"ಆಗಲ್ಲ ಬಿಬಾವಿ. ದಕ್ಷಿಣಕ್ಕೆ ಬಂದ್ರೆ ಫರೋನ ಸೈನ್ಯ ಮುಳುಗೋದು ನನ್ನ ಪಾಲಿಗೆ ಬರುತ್ತೆ."

"ಬರಲಿ. ಅವರು ಸಿಪಾಯಿಗಳು. ಮಕ್ಕಳಲ್ಲವಲ್ಲ."

"ಯಾರ ಮಕ್ಕಳೂ ಅಲ್ವಾ?"

ಬಿಬಾವಿ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದ. "ಅಯ್ಯೋ ಮಾರಾಯ, ಅವರು ಸತ್ತು ಮೂರು ಸಾವಿರ ವರ್ಷ ಆಯ್ತು. ಈಗ ಅವರ ಮನೆಗೂ ಹೋಗಿ ಸಂತಾಪ ಹೇಳಿ ಬರ್ತೀಯಾ? ಹಾಗೆ ನೋಡಿದ್ರೆ ಯಾವ ಕಡೆ ನಿಂತ್ರೂ ಯಾರೋ ಒಬ್ಬ ಸಾಯ್ತಾನೆ. ನಡುವೆ ನಿಂತ್ಕೋ ಹೋಗು, ಅಬೂನಾನ ಕಾಲಿಗೆ ಅಡ್ಡ ಆಗ್ತೀಯ."

ಬಿಸಾದಾ ನಕ್ಕ. ಮಗ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಆದರೆ ಸಮಸ್ಯೆ ಇದ್ದಲ್ಲೇ ಇತ್ತು. ಮುಂದಿನ ಎರಡು ಭಾನುವಾರ ಹೊಟ್ಟೆ ಸರಿಯಿಲ್ಲವೆಂದು ಸ್ತುತಿಗೆ ಹೋಗಲಿಲ್ಲ. ಎಲ್ಲರಿಗೂ ಕಾರಣ ಗೊತ್ತಿತ್ತು.

ಬಿಷಪ್ಪರು ಬರಲು ಎರಡು ದಿನ ಉಳಿದಿತ್ತು. ಮಧ್ಯಾಹ್ನ ಇಸ್ತೇರ್ ಅಂಗಳದಲ್ಲಿ ರೊಟ್ಟಿಯ ಹಿಟ್ಟನ್ನು ಬಿಸಿಲಿಗೆ ಉಬ್ಬಲು ಇಟ್ಟು, ನೊಣ ಹೊಡೆಯುತ್ತ ಕೂತಿದ್ದಳು. ಬಿಸಾದಾ ಹೊಸ್ತಿಲ ಬಳಿ ಕೂತು ಸಣ್ಣ ದನಿಯಲ್ಲಿ ಆ ಚರಣವನ್ನು ಹಾಡಲು ನೋಡುತ್ತಿದ್ದ. ಮೊದಲ ಪದ ಬರುತ್ತಿತ್ತು, ಎರಡನೆಯದೂ ಬರುತ್ತಿತ್ತು. ಮೂರನೆಯದಕ್ಕೆ ನಿಂತು, ಮತ್ತೆ ಮೊದಲಿನಿಂದ ಎತ್ತುತ್ತಿದ್ದ.

"ಸಾಕು ಬಿಡು," ಎಂದಳು ಇಸ್ತೇರ್. "ಬರಲ್ಲ ಅದು."

"ಬರಲೇಬೇಕು. ಎರಡು ದಿನ ಇದೆ."

"ನನಗೆ ಮೂವತ್ತಾರು ವರ್ಷದಿಂದ ಬಂದಿಲ್ಲ."

ಬಿಸಾದಾ ಮುಖ ಎತ್ತಿದ. ಅವಳು ಪ್ರತಿ ಭಾನುವಾರ ಹೆಂಗಸರ ಕಡೆಯ ಎರಡನೆಯ ಬೆಂಚಿನ ಬಳಿ ನಿಂತು ಸ್ತುತಿಯನ್ನೆಲ್ಲ ಅವನೊಡನೆ ಹಾಡುತ್ತಿದ್ದಳು. ಅವಳ ದನಿ ಅವನಿಗೆ ಗೊತ್ತಿತ್ತು. ಗುಂಪಿನಲ್ಲಿ ಬೇರೆ ಮಾಡಿ ಕೇಳಬಲ್ಲೆ ಎಂದು ತಿಳಿದಿದ್ದ.

"ಏನು ಬಂದಿಲ್ಲ?"

"ಆ ಸಾಲು. ಫಾನೂಸ್ ಮೊದಲನೇವನಲ್ಲ ಅಬು ಫಾನೂಸ್. ಅವನಿಗಿಂತ ಮುಂಚೆ ಒಬ್ಬ ಇದ್ದ."

ಇದ್ದ. ನಾಲ್ಕು ದಿನ. ಬಿಸಾದಾ ಆಗ ಅಸ್ಯೂತಿನ ಕಡೆಯ ಮಠವೊಂದರ ಹಬ್ಬಕ್ಕೆ ಹಾಡಲು ಹೋಗಿದ್ದ. ಹಿಂದಿರುಗಿದ್ದು ಐದನೆಯ ದಿನ. ಅಷ್ಟರಲ್ಲಿ ಅವನ ತಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ದೋಣಿಯಲ್ಲಿ ಹೊಳೆ ದಾಟಿಸಿ, ಗೋರಿಗಳ ಗೋಡೆಯ ಪಕ್ಕ ಮಣ್ಣು ಮಾಡಿ ಬಂದಿದ್ದ. ಗಂಡುಮಗುವಿಗೆ ದೀಕ್ಷಾಸ್ನಾನ ಮಾಡಿಸುವುದು ನಲವತ್ತನೆಯ ದಿನಕ್ಕೆ, ಅದು ಆಗಿರಲಿಲ್ಲ. ಹೆಸರಿಟ್ಟಿರಲಿಲ್ಲ. ಬಿಸಾದಾ ಅದನ್ನು ಎತ್ತಿಕೊಂಡಿರಲಿಲ್ಲ, ಅಳು ಕೇಳಿರಲಿಲ್ಲ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದಾಗ ಅದನ್ನು ಎಂದೂ ಎಣಿಸಿರಲಿಲ್ಲ. ಊರು ಇವರನ್ನು ಕರೆದದ್ದು ಫಾನೂಸನ ಅಪ್ಪ, ಫಾನೂಸನ ಅಮ್ಮ ಎಂದೇ.

"ಮದುವೆಯಾದ ಹೊಸತರಲ್ಲಿ ನೀನೇ ಒಂದೊಂದು ಸಾಲಿಗೂ ಅರ್ಥ ಹೇಳಿಕೊಟ್ಟೆ," ಎಂದಳು ಇಸ್ತೇರ್. "ನನ್ನ ಹೆಂಡತಿ ಸುಮ್ನೆ ಗಿಣಿ ಹಾಗೆ ಹಾಡಬಾರದು ಅಂದೆ. ಅರ್ಥ ಗೊತ್ತಿಲ್ಲದಿದ್ರೆ ನಾನೂ ಎಲ್ಲರ ಹಾಗೆ ಹಾಡ್ಕೊಂಡು ಹೋಗ್ತಿದ್ದೆ."

"ಮತ್ತೆ ಅಲ್ಲಿ ಏನು ಮಾಡ್ತೀಯ?"

"ಬಾಯಿ ಮುಚ್ಕೊಳ್ತೀನಿ. ನೀವೆಲ್ಲ ಆ ಸಾಲು ಹಾಡೋಷ್ಟು ಹೊತ್ತು ಸುಮ್ನೆ ನಿಂತಿರ್ತೀನಿ. ಕರುಣೆ ಮಾತು ಬಂದಾಗ ಮತ್ತೆ ಸೇರ್ಕೊಳ್ತೀನಿ."

"ಆ ಸಾಲು ಬಿಡೋಳು, ಕರುಣೆ ಮಾತು ಯಾಕೆ ಹಾಡ್ತೀಯ?" ಬಿಸಾದಾನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲಿನ ಸಿಟ್ಟೆಂದು ಅವನಿಗೇ ತಿಳಿಯಲಿಲ್ಲ.

"ಅದನ್ನೂ ಬಿಟ್ರೆ ಆ ಕೂಸಿಗೆ ಯಾರಿದ್ದಾರೆ?" ಎಂದಳು. "ಹೆಸರಿಲ್ಲ, ಸ್ನಾನ ಇಲ್ಲ. ನೀನೂ ಲೆಕ್ಕಕ್ಕೆ ಹಿಡಿದಿಲ್ಲ. ಆತನ ಕರುಣೆ ಎಲ್ಲೋ ಒಂದು ಕಡೆ ನಿಂತು ಹೋಗುತ್ತೆ ಅಂದ್ರೆ, ನನ್ನ ಮಗು ಅದರ ಆಚೆ ಬಿದ್ದಿದೆ ಅಂತಾಯ್ತು. ಅದನ್ನ ನಾನು ಒಪ್ಪಲ್ಲ."

ಅವಳು ಎದ್ದು ಹಿಟ್ಟಿನ ಮೇಲಿನ ಬಟ್ಟೆ ಸರಿ ಮಾಡಿದಳು. ಬಿಸಾದಾ ಹೊಸ್ತಿಲಲ್ಲೇ ಕೂತಿದ್ದ. ಮೂವತ್ತಾರು ವರ್ಷ, ವರ್ಷಕ್ಕೆ ಐವತ್ತೆರಡು ಭಾನುವಾರ. ಚಹಾ ಕುಡಿದವನ ಗಂಟಲನ್ನು ಹಿಡಿಯುತ್ತಿದ್ದ ಕಿವಿಗೆ, ಒಂದು ಸಲವೂ, ತನ್ನ ಹೆಂಡತಿಯ ದನಿ ಅಲ್ಲಿ ಇಲ್ಲವೆಂದು ಕೇಳಿಸಿರಲಿಲ್ಲ. ಆ ಚರಣ ಬಂದಾಗ ಅವನು ತನ್ನ ದನಿಯನ್ನೇ ಕೇಳಿಕೊಳ್ಳುತ್ತಿದ್ದ.

"ಅವನು ಹೇಗಿದ್ದ?" ಎಂದು ಕೇಳಿದ.

"ಕಪ್ಪಗಿದ್ದ. ಕಿವಿ ನಿನ್ನ ಹಾಗೆ ದೊಡ್ಡದು," ಎಂದಳು ಇಸ್ತೇರ್.

ಭಾನುವಾರ ಬಂತು. ಬಿಷಪ್ಪರು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ತಮ್ಮ ಪೀಠದಲ್ಲಿ ಕೂತರು. ಬಿಸಾದಾ ಉತ್ತರದ ಸಾಲಿನಲ್ಲಿ, ತನ್ನ ಜಾಗದಲ್ಲೇ ನಿಂತಿದ್ದ, ಕೈಯಲ್ಲಿ ತಾಳ. ಅಬೂನಾ ಯೂನಾನ್ ಹತ್ತಿರ ಬಂದು, "ಹೇಗಿದ್ದೀರಿ ಮುಅಲ್ಲಿಮ್?" ಎಂದರು. "ಪಾಳಿ ಕೆಡಲ್ಲ ಅಬೂನಾ," ಎಂದ.

ಎರಡನೆಯ ಸ್ತುತಿ ಶುರುವಾಯಿತು. ಆಕಾಶ, ಭೂಮಿ, ಸೂರ್ಯ, ಚಂದ್ರ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ. ಆ ಚರಣದ ಪಾಳಿ ಬಂತು. ಬಿಸಾದಾ ಬಾಯಿ ತೆರೆಯಲಿಲ್ಲ. ತಾಳ ಮಾತ್ರ ಬಡಿದ. ಅವನ ಸಾಲಿನವರಲ್ಲಿ ಇಬ್ಬರು ದನಿ ತೆಗೆಯಲು ಹೋಗಿ, ಮೊದಲ ಪದ ಎತ್ತಿಕೊಡುವವನ ದನಿ ಇಲ್ಲದ್ದರಿಂದ ಅಲ್ಲಿಗೇ ನಿಂತರು. ಒಂದೊಂದು ಪದಕ್ಕೆ ಎಷ್ಟು ಪೆಟ್ಟೋ ಅಷ್ಟೂ ಪೆಟ್ಟು, ಏರುವಲ್ಲಿ ಬಿಡಿ, ಇಳಿಯುವಲ್ಲಿ ಜೋಡಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮಾತಿಲ್ಲದ ಚರಣ ಪೂರ್ತಿ ನಡೆದು ಮುಗಿಯಿತು. ಅದರ ತುದಿಗೆ ಸರಿಯಾಗಿ ಬಿಸಾದಾ ದನಿ ಎತ್ತಿದ, ಅವನ ಕರುಣೆಗೆ ಕೊನೆಯಿಲ್ಲ. ಎರಡೂ ಸಾಲು ಸೇರಿಕೊಂಡವು. ಬಿಬಾವಿ ಮುಂದಿನ ಚರಣವನ್ನು ಅದರ ಜಾಗದಲ್ಲೇ ಹಿಡಿದ. ಸಮುದ್ರ ಒಂದೇ ಸಲ ಸೀಳಿತು.

ಅಭಿಷೇಕ, ಪೂಜೆ ಎಲ್ಲ ಮುಗಿಯುವಾಗ ಹನ್ನೊಂದಾಗಿತ್ತು. ಚರ್ಚಿನ ಹಿಂದಿನ ಕೋಣೆಯಲ್ಲಿ ಬಿಷಪ್ಪರಿಗೆ ಅವರೆಗಾಳಿನ ಪಲ್ಯ, ರೊಟ್ಟಿ ಇಟ್ಟಿದ್ದರು. ಮುಅಲ್ಲಿಮನನ್ನು ಕರೆಯಿರಿ ಎಂದರು. ಅಬೂನಾ ಕೈ ಹಿಡಿದು ಕರೆತಂದರು.

"ಎರಡನೆಯ ಸ್ತುತಿಯಲ್ಲಿ ಒಂದು ಚರಣ ಕೇಳಿಸಲಿಲ್ಲ," ಎಂದರು ಬಿಷಪ್ಪರು.

"ಇಲ್ಲ ಸಯ್ಯಿದ್ನಾ," ಎಂದ ಬಿಸಾದಾ. ಬಿಷಪ್ಪರನ್ನು ನಾವು ಹಾಗೇ ಕರೆಯುವುದು, ನಮ್ಮೊಡೆಯ ಎಂದು.

"ಮರೆತಿರಾ?"

"ಮರೆತಿದ್ರೆ ತಾಳಾನೂ ನಿಲ್ತಿತ್ತು."

"ಹಾಗಾದರೆ ತೆಗೆದುಹಾಕಿದ್ದೀರಿ."

"ತೆಗೆಯೋಕೆ ನಾನ್ಯಾರು ಸಯ್ಯಿದ್ನಾ? ಅದು ಗ್ರಂಥದಲ್ಲಿದೆ. ಅದರ ಜಾಗ ಅದಕ್ಕೇ ಬಿಟ್ಟಿದ್ದೀನಿ. ಪಾಳಿ ಎಣಿಸಿ ನೋಡಿ. ನನ್ನ ಬಾಯಲ್ಲಿ ಮಾತ್ರ ಅದು ಬರಲ್ಲ." ಆಮೇಲೆ ಅವನೇ, "ನನಗೆ ಇಬ್ಬರು ಗಂಡುಮಕ್ಕಳಿದ್ದರು. ಇಬ್ಬರೂ ಇಲ್ಲ," ಎಂದ.

ಅಬೂನಾ ಯೂನಾನ್ ತಿರುಗಿ ನೋಡಿದರು. ಅವರಿಗೆ ಒಬ್ಬನ ವಿಷಯ ಮಾತ್ರ ಗೊತ್ತಿತ್ತು.

ಬಿಷಪ್ಪರು ರೊಟ್ಟಿ ಮುರಿದರು, ಬಾಯಿಗೆ ಹಾಕಲಿಲ್ಲ. "ಎಷ್ಟು ದಿನ ಹೀಗೆ?"

"ಗೊತ್ತಿಲ್ಲ ಸಯ್ಯಿದ್ನಾ. ಒಬ್ಬರಿಗೆ ಮೂವತ್ತಾರು ವರ್ಷ ಆದ್ರೂ ಬಂದಿಲ್ಲ."

ಬಿಷಪ್ಪರು ಅಬೂನಾರ ಕಡೆ ತಿರುಗಿ ಇಷ್ಟು ಹೇಳಿದರು: "ಉತ್ತರದ ಸಾಲಿಗೆ ಇವರೇ ಇರಲಿ. ತಾಳ ಮಾತ್ರ ತಪ್ಪಕೂಡದು." ಆಮೇಲೆ ಬಿಸಾದಾನಿಗೂ ಒಂದು ರೊಟ್ಟಿ ಕೊಡಿಸಿ, ಊಟ ಮಾಡಿದರು.

ನನಗೆ ತಿಳಿದದ್ದು ಇಷ್ಟೇ. ಬಿಷಪ್ಪರು ಕನಿಕರದಿಂದ ಹಾಗೆ ಹೇಳಿದರೋ, ಎಣಿಕೆ ಸರಿಯಿತ್ತೆಂಬ ಕಾರಣಕ್ಕೆ ಹೇಳಿದರೋ ನನಗೆ ಗೊತ್ತಿಲ್ಲ. ಬಿಸಾದಾ ಅದಾದ ಮೇಲೆ ಮೂರು ವರ್ಷ ಬದುಕಿದ್ದ. ಕೊನೆಯ ವರ್ಷ ಒಂದು ಭಾನುವಾರ ಆ ಚರಣದಲ್ಲಿ ಅವನ ತುಟಿ ಅಲ್ಲಾಡಿತು ಎಂದು ಒಬ್ಬರು ಹೇಳುತ್ತಾರೆ. ಇಲ್ಲವೆಂದು ಬಿಬಾವಿ ಆಣೆ ಮಾಡುತ್ತಾನೆ. ಇಸ್ತೇರಳನ್ನು ಕೇಳಿದೆ. ಆ ಹೊತ್ತಿನಲ್ಲಿ ತಾನು ಕಣ್ಣು ಮುಚ್ಚಿಕೊಂಡಿರುತ್ತೇನೆ ಎಂದಳು. ಮಕ್ಕಳನ್ನು ಹೊಡೆದವನು, ಕೊನೆಯಿಲ್ಲದ ಕರುಣೆಯವನು, ಈ ಎರಡೂ ಒಂದೇ ಚರಣದಲ್ಲಿ ಹೇಗೆ ಇವೆ ಎಂಬುದಕ್ಕೆ ಅಬೂನಾ ಹೇಳಿದ ಉತ್ತರಗಳನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಯಾವುದು ಸರಿಯೋ, ಯಾವುದಾದರೂ ಸರಿಯೋ, ನನಗೆ ತಿಳಿದಿಲ್ಲ.